ಬಣ್ಣ ಹಿಡಿಯದ ತುಣುಕು

ಗಿರಿಮಲ್ಲಪ್ಪನ ಆಯುಷ್ಯವೆಲ್ಲ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವುದರಲ್ಲೇ ಕಳೆದಿತ್ತು. ಕುದಿಯುವ ಹಂಡೆಯಿಂದ ಎತ್ತಿದ ನೂಲು ಕೆಂಪಗೆ ಹೊಳೆದರೆ ಅವನಿಗೆ ಹಬ್ಬ. ಪೇಲವವಾಗಿ ಮೇಲೆದ್ದರೆ ಅವತ್ತು ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಣ್ಣ ಹಿಡಿಯದ ನೂಲು ಎಂದರೆ ಅವನ ಪಾಲಿಗೆ ಸತ್ತ ನೂಲು.

ಚಳಿಗಾಲದಲ್ಲಿ ಮೂತ್ರದಲ್ಲಿ ರಕ್ತ ಕಾಣಿಸಿತು. ಮೂತ್ರನಾಳದಲ್ಲಿ ಕ್ಯಾನ್ಸರ್ ಗಡ್ಡೆ ಎಂದರು. ಜಮಖಂಡಿಯ ಡಾಕ್ಟರ್ ಮೇಘಾ ಆಪರೇಷನ್ ಮಾಡಿ ಒಂದು ಕಿಡ್ನಿಯನ್ನೂ ಅದರ ನಾಳವನ್ನೂ ತೆಗೆದರು. ಗಾಯ ಮಾಯಿತು. ಉಳಿದದ್ದು ಒಂದೇ ಚಿಂತೆ: ಆ ರೋಗ ಮರಳಿ ಬರುತ್ತದೋ ಇಲ್ಲವೋ. ಅದನ್ನು ಅಂದಾಜು ಮಾಡಲು, ತೆಗೆದ ಗಡ್ಡೆಯ ತೆಳುವಾದ ತುಣುಕಿಗೆ ಬಣ್ಣ ಹಾಕಿ ಒಂದು ಪ್ರೋಟೀನನ್ನು ಹುಡುಕುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಬಣ್ಣದ ಕೆಲಸ ಎಂದು ಕೇಳಿಯೇ ಗಿರಿಮಲ್ಲಪ್ಪನಿಗೆ ಅರ್ಧ ಧೈರ್ಯ ಬಂದಿತ್ತು.

ಫಲ ತಿಳಿಯಲು ಹೋದಾಗ ಹೆಂಡತಿ ರತ್ನಾಬಾಯಿ ಔಷಧಿ ಅಂಗಡಿಯ ಮುಂದೆ ನಿಂತಿದ್ದಳು. ಡಾಕ್ಟರ ಕೋಣೆಯೊಳಗೆ ಇವನೊಬ್ಬನೇ.

“ಕಾಕಾ, ನಿಮ್ಮ ತುಣುಕು ಬಣ್ಣಾನ ಹಿಡಿದಿಲ್ಲ ನೋಡ್ರಿ,” ಎಂದು ಡಾಕ್ಟರು ನಕ್ಕರು. ಅಷ್ಟರಲ್ಲಿ ನರ್ಸ್ ಬಂದು ಕರೆದಳು. ಡಾಕ್ಟರು ಎದ್ದು ಓಡಿದರು.

ಸಾಯುವವನ ಮುಂದೆ ಅಳುತ್ತಾರೆಯೇ, ನಗಲೇಬೇಕಲ್ಲ ಎಂದುಕೊಂಡು ಗಿರಿಮಲ್ಲಪ್ಪ ಹೊರಗೆ ಬಂದ.

“ಏನಂದ್ರು?” ಎಂದಳು ರತ್ನಾಬಾಯಿ.

“ಮತ್ತ ಬಾ ಅಂದ್ರು.”

ಮನೆಗೆ ಬಂದವನು ಕಟ್ಟೆ ಹಿಡಿದು ಕುಳಿತುಬಿಟ್ಟ. ಕೊನೆಗೆ ಹಳೆಯ ಗೆಳೆಯ, ನೇಕಾರ ಲಗಮಣ್ಣ ಪಕ್ಕದಲ್ಲಿ ಬಂದು ಕುಳಿತಾಗ ಬಾಯಿ ಬಿಟ್ಟ.

“ಬಣ್ಣ ಹಿಡಿಲಿಲ್ಲಂತೋ, ಲಗಮ್ಯಾ.”

ಲಗಮಣ್ಣ ಚಹದ ಬಟ್ಟಲು ಕೆಳಗಿಟ್ಟ. “ಒಟ್ಟ ಹಿಡಿಲಿಲ್ಲ?”

“ಒಟ್ಟ.”

“ಬಣ್ಣದ ನೀರಿಗೆ ಉಪ್ಪು ಕಡಿಮಿ ಹಾಕ್ಯಾರ, ಹೌದಲ್ಲೊ? ಇಲ್ಲಾ ಕುದಿ ಬರೂದ್ರೊಳಗ ತಗದಾರ. ಈಗಿನ ಮಂದಿಗೆ ಎಲ್ಲಾ ಗಡಿಬಿಡಿ. ಏಳ್, ಇನ್ನೊಮ್ಮೆ ಹಾಕ್ರೀ ಅಂತ ಕೇಳಿ ಬರೂಣು. ಹಂಗ ಸಾಯಾಕ ಬಿಡತೇನೇನ ನಿನ್ನ?”

ಮರುದಿನ ಮುಂಜಾನೆಯ ಬಸ್ಸಿಗೆ ಇಬ್ಬರೂ ಜಮಖಂಡಿಗೆ ಹೋದರು. ಗಿರಿಮಲ್ಲಪ್ಪ ಕೈ ಮುಗಿದು ಬೇಡಿಕೊಂಡ, “ಬಾಯಾರ, ಆ ತುಣುಕು ಮತ್ತೊಮ್ಮೆ ಕುದಿಸ್ರಿ. ಉಪ್ಪು ನಾನ ಹೇಳತೇನಿ, ಎಷ್ಟಂತ.”

ಡಾಕ್ಟರು ಮೊದಲು ಕಣ್ಣರಳಿಸಿದರು. ಇಬ್ಬರ ಸಂಕಟವೆಲ್ಲ ಕೇಳಿದ ಮೇಲೆ ಮೇಜು ಹಿಡಿದುಕೊಂಡು ನಕ್ಕರು.

“ಕಾಕಾ, ನಾವು ಹುಡುಕಿದ್ದು ಕೆಟ್ಟ ಪ್ರೋಟೀನು. ಅದು ಭಾಳ ಇದ್ದರಷ್ಟ ಬಣ್ಣ ಹಿಡೀತೈತಿ. ಬಣ್ಣ ಹಿಡಿದವರಿಗೆ ರೋಗ ಮರಳಿ ಬರೂ ಅಂಜಿಕಿ ಹೆಚ್ಚು. ನಿಮಗ ಆ ಅಂಜಿಕಿ ಕಡಿಮಿ. ನಿನ್ನಿ ಪೂರಾ ಹೇಳೂದ್ರೊಳಗ ನಾನ ಎದ್ದು ಹೋದೆ, ತಪ್ಪು ನಂದ.”

“ಹಂಗಾರ… ಖರೇನ ಛಲೋನ?”

“ಛಲೋನ. ಆದ್ರ ಬರೂದಿಲ್ಲಂತ ಖಾತ್ರಿ ಕೊಡಾಕ ಆಗೂದಿಲ್ಲ. ಕರದಾಗೆಲ್ಲಾ ಬಂದು ತಪಾಸ ಮಾಡಿಸ್ಕೋಬೇಕು. ಬೀಡಿ ಮಾತ್ರ ಮುಟ್ಟಂಗಿಲ್ಲ.”

ಲಗಮಣ್ಣ ಮೆಲ್ಲಗೆ ತನ್ನ ಕಿಸೆಯ ಮೇಲೆ ಕೈ ಮುಚ್ಚಿಕೊಂಡ.

ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿ ಎಲ್ಲ ಹೇಳಿದರೆ ರತ್ನಾಬಾಯಿ ಹರಿಹಾಯ್ದಳು: “ಛಲೋ ಸುದ್ದಿ ಹೊಟ್ಟ್ಯಾಗಿಟಗೊಂಡು ಸುಡಗಾಡದ ಮಾರಿ ಮಾಡಿ ಕುಂತಿದ್ರೇನು! ಬರ್ರಿ ಮನಿಗೆ, ಐತಿ ನಿಮಗ!” ಗಿರಿಮಲ್ಲಪ್ಪ ಫೋನನ್ನು ಕಿವಿಗೊತ್ತಿಕೊಂಡು ಪೂರ್ತಿ ಬೈಸಿಕೊಂಡ.

ಬನಹಟ್ಟಿಯ ಬಸ್ಸು ತುಂಬಿತ್ತು, ಎಲ್ಲ ಗುರುತಿನವರೇ, ಮಗ್ಗದವರು. ಸುಮ್ಮನಿರಲು ಆಗದೆ ಅವನು ನಡುವೆ ನಿಂತು ಕೂಗಿದ, “ನಂದು ಬಣ್ಣ ಹಿಡಿದಿಲ್ರೋಪಾ!”

ಬಸ್ಸಿಗೆ ಬಸ್ಸೇ “ಅಯ್ಯೋ ಪಾಪ” ಎಂದು ಮರುಗಿತು. ಒಬ್ಬಳು ಮುದುಕಿ ಎದ್ದು ಸೀಟನ್ನೇ ಬಿಟ್ಟುಕೊಟ್ಟಳು.

ಊರು ಬರುವವರೆಗೂ ಅವನು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಲೇ ಇದ್ದ.