ಉಜ್ಜಿ ತೊಳೆದ ಕಲ್ಲುಗಳು

ನನ್ನ ತಮ್ಮನಷ್ಟು ಒಳ್ಳೆಯವನು ಈ ಊರಲ್ಲಿ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಭಾನುವಾರ ಅವನ ಒಳ್ಳೆಯತನ ಕಂಡು ನನ್ನ ಮೈ ಉರಿದುಹೋಯಿತು.

ಊರಂಚಿನಿಂದ ಅರ್ಧ ಗಂಟೆ ಗುಡ್ಡ ಹತ್ತಿದರೆ ಪಾಳುಕೋಟೆ. ಕೆಳಗೆ ನದಿ, ಮೇಲೆ ಮುರಿದ ಗೋಡೆ. ರಜಾ ದಿನ ನೋಡಲು ಜನವೋ ಜನ. ಕೋಟೆಯ ಹೆಬ್ಬಾಗಿಲು ವಾಲಿತ್ತು. ಕಲ್ಲುಕೆಲಸದವನಾದ ನಾನು ನಾಲ್ಕು ತಿಂಗಳು ಒದ್ದಾಡಿ ಅದನ್ನು ಬಿಚ್ಚಿ, ಇನ್ನೂರ ಹದಿನಾಲ್ಕು ಕಲ್ಲುಗಳನ್ನು ಹುಲ್ಲಿನ ಮೇಲೆ ಹರವಿ, ಟಾರ್ಪಾಲು ಹೊದಿಸಿದ್ದೆ. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಅದರ ನಂಬರು. ಬಣ್ಣದಲ್ಲಿ ಬರೆದರೆ ಹಳೆಯ ಕಲ್ಲಿಗೆ ಕಲೆ ಉಳಿಯುತ್ತದೆ. ಮಳೆಗೆ ಮುಂಚೆ ಬಾಗಿಲು ಎದ್ದು ನಿಲ್ಲದಿದ್ದರೆ ಸಿಮೆಂಟಿನ ಕಮಾನು ಕಟ್ಟಿಸುತ್ತೇವೆಂದು ಕೋಟೆ ನೋಡಿಕೊಳ್ಳುವ ಇಲಾಖೆಯವರು ಖಡಾಖಂಡಿತವಾಗಿ ಹೇಳಿದ್ದರು.

ಆ ದಿನ ತಮ್ಮನೇ ಫೋನ್ ಮಾಡಿ ಕರೆದ. ಔಷಧಿ ಅಂಗಡಿ ನಡೆಸುವ ಅವನು ರಜೆ ಬಂದರೆ ಗುಂಪು ಕಟ್ಟಿಕೊಂಡು ಗುಡ್ಡ ಸ್ವಚ್ಛ ಮಾಡುತ್ತಾನೆ. ಹೋಗಿ ನೋಡಿದರೆ ಟಾರ್ಪಾಲು ಮಡಚಿಟ್ಟಿದೆ, ಇಪ್ಪತ್ತು ಜನ ಬ್ರಷ್ಷು ಹಿಡಿದು ನಗುತ್ತಿದ್ದಾರೆ. ಯಾರೋ ಪೋಲಿಗಳು ಕಲ್ಲಿನ ಮೇಲೆಲ್ಲ ಗೀಚಿದ್ದರಂತೆ. ಬೆಳಗ್ಗೆಯಿಂದ ಉಜ್ಜಿ ಉಜ್ಜಿ ತೊಳೆದರಂತೆ. ಚೆಂದ ಕಾಣಲೆಂದು ಸಣ್ಣವು ಮುಂದೆ, ದೊಡ್ಡವು ಹಿಂದೆ ಜೋಡಿಸಿಯೂ ಆಗಿತ್ತು.

ಎಷ್ಟನೇ ಕಲ್ಲು ಎಲ್ಲಿ ಕೂರಬೇಕೆಂಬ ನಕ್ಷೆ ಜೇಬಿನಲ್ಲೇ ಇತ್ತು. ಯಾವ ಕಲ್ಲು ಎಷ್ಟನೆಯದೆಂದು ಇನ್ನು ಯಾರು ಹೇಳಬೇಕು? ಒಂದೇ ಮನೆಯಲ್ಲಿ ಉಣ್ಣುತ್ತೇವೆ. ದಿನಾ ಸಂಜೆ ನನ್ನ ಬೆರಳಿಗೆ ಮೆತ್ತಿದ ಸೀಮೆಸುಣ್ಣ ನೋಡಿ, ಮೇಷ್ಟ್ರು ಬಂದರು ಎಂದು ತಮಾಷೆ ಮಾಡುತ್ತಿದ್ದವನು ಇವನೇ. ಅಲ್ಲೇನು ಬರೆಯುತ್ತೀಯ ಎಂದು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ನಿಜ. ಹಲ್ಲು ಕಿರಿಯುವವನಿಗೆ ಏನಂತ ಹೇಳುವುದು?

ಈಗ ಹೇಳಿದೆ. ಅವನ ಮುಖ ಸಪ್ಪಗಾಯಿತು.

“ಇನ್ನೊಂದ್ಸಲ ಬರೆದ್ರಾಯ್ತಲ್ಲ, ಅಣ್ಣ.”

ನನ್ನ ಪಿತ್ತ ನೆತ್ತಿಗೇರಿತು. ಹೊಡೆಯದಂತೆ ಕೈ ತಡೆದುಕೊಂಡು, ಸೀಮೆಸುಣ್ಣದ ತುಂಡನ್ನು ಅವನ ಅಂಗೈಗೆ ತುರುಕಿದೆ.

“ಬರಿ. ಒಂದನೇ ಕಲ್ಲು ಯಾವ್ದು, ತೋರ್ಸು.”

ಅವನು ಸಾಲಿನಿಂದ ಸಾಲಿಗೆ ಅಲೆದ. ಎರಡು ಸಲ ಬಗ್ಗಿದ, ಎರಡು ಸಲವೂ ಬರೆಯದೆ ಎದ್ದ. ಗುಂಪಿನವರು ಬಕೆಟ್ಟು ಎತ್ತಿಕೊಂಡು ಸದ್ದಿಲ್ಲದೆ ಇಳಿದುಹೋದರು. ಕೊನೆಗೆ ತಮ್ಮ ಒಂದು ಕಲ್ಲಿನ ಮೇಲೆ ಕುಸಿದು ಕೂತು ಅಳತೊಡಗಿದ.

ಅವನು ಕೂತದ್ದೇ ಒಂದನೇ ಕಲ್ಲಿರಬಹುದು. ನನಗೂ ಗೊತ್ತಾಗಲಿಲ್ಲ.