ಎಂಟು ಮಂದಿಗೆ ಒಂದು ನಂಬರು

ಇನ್ನೊಬ್ಬರ ತಲೆಯೊಳಗಿನದನ್ನು ಹೇಳಹೊರಟಿದ್ದೇನೆ, ಅದೂ ಪೂರ್ತಿ ತಿಳಿಯದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ — ಬಸ್ಸಿನ ಕಿಟಕಿಯ ಮೇಲೆ ಬಿಸಿಲು ಜಾರುತ್ತಿದೆ, ಗಾಜಿನ ಮೇಲೆ ಯಾರದೋ ಎಣ್ಣೆತಲೆಯ ಗುರುತು, ಬಸವಕಲ್ಯಾಣ ಹಿಂದೆ ಉಳಿಯಿತು, ಹುಮನಾಬಾದಿಗೆ ಇನ್ನೂ ಮುಕ್ಕಾಲು ಗಂಟೆ, ಮೊಬೈಲಿನಲ್ಲಿ ಕಾಣುತ್ತಿರುವ ವಾಕ್ಯ ತನ್ನದಲ್ಲ ಅನ್ನಿಸುತ್ತಿದೆ ಶಿಬಿರದ ರೋಗಿಗಳ ಫಾರ್ಮು ಬರೆಯುವ ಆಮ್ರಪಾಲಿಗೆ, ಒಂದೇ ಫೋನ್ ನಂಬರಿನ ನಮೂದುಗಳನ್ನು ಈ ಟೂಲ್ ಒಂದಾಗಿ ಕೂಡಿಸುತ್ತದೆ, ಅಷ್ಟೇ ಇದೆ, ಆದರೆ ಅದರ ಮುಂದೆ ಇನ್ನೊಂದು ಸಾಲಿತ್ತು, ಹೆಸರು ವಯಸ್ಸು ಬೇರೆ ಇದ್ದರೆ ಕೂಡಿಸಬಾರದು, ಅದನ್ನು ಬರೆದಿದ್ದಳು, ಬರೆದಿದ್ದಳಲ್ಲವೇ, ಯಾರೋ ತೆಗೆದಿದ್ದಾರೆ. ವೀರಭದ್ರ ಸರ್ ಇರಬೇಕು — ಕಣ್ಣಿನ ಶಿಬಿರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಅವರು, ರೋಗಿಗಳ ಪಟ್ಟಿಯನ್ನು ಏಜೆಂಟಿಗೆ ಒಪ್ಪಿಸಿದವರೂ ಅವರೇ, ಏಜೆಂಟ್ ಅಂದರೆ ಮನುಷ್ಯನಲ್ಲ, ತಾನೇ ಓದಿ ತಾನೇ ಕೆಲಸ ಮಾಡುವ ಎಐ, ಯಾವ ಟೂಲ್ ಏನು ಮಾಡುತ್ತದೆ ಎಂದು ಆಮ್ರಪಾಲಿ ಬರೆದಿಟ್ಟ ವಿವರಣೆಯೇ ಅದಕ್ಕೆ ದಾರಿ. ಏನ್ ಮೇಡಂ, ಪುರಾಣ ಬರದೀರಿ, ಮಷೀನಿಗೆ ಎರಡ್ ಮಾತು ಸಾಕ್ರಿ, ಅಂದು ನಕ್ಕಿದ್ದರು ಸರ್, ಆ ನಗು ಈಗ ಬೇರೆಯಾಗಿ ಕಾಣುತ್ತಿದೆ, ಅವಳ ಪಾಸ್‌ವರ್ಡೂ ಅವರಿಗೆ ಗೊತ್ತು. ಇಂಥ ವಿವರಣೆ ಬರೆಯಲು ಕಲಿಸಿದ ಸಂಜೆ ಕ್ಲಾಸಿನ ಶ್ರೀಮಂತ ಎಂಬ ಮಾಸ್ತರರೋ, ನಮ್ಮ ಊರೇ ನೋಡದವಗ ದಾರಿ ಹೇಳಿದಂಗ ಬರೀರಿ, ತಾನೇ ತಿಳಕೋತಾನ ಅಂತ ಏನೂ ಬಿಡಬ್ಯಾಡ್ರಿ, ಎನ್ನುತ್ತಿದ್ದರು. ಆ ಸಾಲನ್ನು ಅವಳೇ ಬಿಟ್ಟಳೋ, ವೀರಭದ್ರ ಸರ್ ಬಿಡಿಸಿದರೋ.

ನಿನ್ನೆ ಮಧ್ಯಾಹ್ನ ರೋಗಿಗಳನ್ನು ದವಾಖಾನೆಗೆ ಒಯ್ಯುವ ವ್ಯಾನಿನ ಅಲ್ತಾಫ್ ಹುಡಗಿ ಊರಿನಿಂದ ಫೋನ್ ಮಾಡಿದ್ದ, ಅಕ್ಕಾ, ಲಿಸ್ಟಿನ್ಯಾಗ ಗಿರಿಜಾಬಾಯಿ ಒಬ್ಬಾಕಿ ಅದಾಳ, ಇಲ್ಲಿ ಎಂಟ್ ಮಂದಿ ಗಂಟು ಕಟಕೊಂಡು ನಿಂತಾರ, ಯಾರನ್ನ ಹತ್ತಸಲಿ, ಯಾರನ್ನ ಇಳಸಲಿ. ಸದ್ಯ ಗಿರಿಜಾಬಾಯೀನ್ನ ಒಯ್ರಿ, ಅಂದಿದ್ದಳು. ಎಂಟೂ ಮಂದಿ ಕಳೆ ಕೀಳುವ ಒಂದೇ ಗುಂಪಿನವರು, ಎಂಟೂ ಮಂದಿ ಬರೆಸಿದ್ದು ಮುಕಾದಮ ದಿಗಂಬರನ ಫೋನ್ ನಂಬರು, ಕೆಲಸಕ್ಕೆ ಕರೆಯುವವನೂ ಅವನೇ, ಸುದ್ದಿ ಮುಟ್ಟಿಸುವವನೂ ಅವನೇ, ಇದು ಏಜೆಂಟಿಗೆ ಹೇಗೆ ಗೊತ್ತಾಗಬೇಕು — ಅವಳಿಗೆ ಗೊತ್ತಿತ್ತಲ್ಲ, ನಾರಾಯಣಪುರದಲ್ಲಿ ಅವ್ವ ಎಲ್ಲ ಅರ್ಜಿಯಲ್ಲೂ ಬರೆಸುತ್ತಿದ್ದದ್ದು ಮುಕಾದಮನ ನಂಬರೇ, ಫೋನ್ ಬಂತಂತೆ ಅಂದರೆ ಲಂಗ ಎತ್ತಿ ಅವನ ಮನೆಗೆ ಓಡುತ್ತಿದ್ದವಳು ಇವಳೇ, ಯಾರು ಮರೆತರೂ ಇವಳು ಮರೆಯಬಾರದಿತ್ತು. ಏಜೆಂಟ್ ವರದಿಯಲ್ಲಿ ಬರೆದಿದೆ, ನಿಮ್ಮ ವಿವರಣೆಯಂತೆ ಎಂಟು ನಮೂದುಗಳನ್ನು ಕೂಡಿಸಿದ್ದೇನೆ — ಇಷ್ಟು ವಿನಯ ಯಾಕೆ, ನಿಮ್ಮ ಅಂತ ಒತ್ತಿ ಹೇಳಿದ್ದು ಯಾಕೆ.

ಮೊಬೈಲಿನಲ್ಲಿ ಆ ಕೂಡಿದ ನಮೂದನ್ನು ಮತ್ತೆ ತೆರೆದಳು. ಗಿರಿಜಾಬಾಯಿ, ವಯಸ್ಸು ನಲವತ್ತೊಂದು, ಆಪರೇಷನ್ ಎಡಗಣ್ಣು. ನಲವತ್ತೊಂದೇ? ಆಕೆ ಅರವತ್ತು ದಾಟಿದವಳು, ವಯಸ್ಸು ಬೇರೆಯವಳದು, ಹಾಗಾದರೆ ಕಣ್ಣು ಯಾರದು. ಹತ್ತಕ್ಕೆ ಆಪರೇಷನ್, ಈಗ ಒಂಬತ್ತೂವರೆ, ಕಾಗದದ ಫಾರ್ಮು ಹುಮನಾಬಾದಿನ ಆಫೀಸಿನ ಕಪಾಟಿನಲ್ಲಿ, ಕೀಲಿ ಇವಳ ಚೀಲದಲ್ಲಿ. ಫೋನ್ ಹಚ್ಚಿದಳು, ಅಲ್ತಾಫ್ ಭಾಯಿ, ದವಾಖಾನ್ಯಾಗ ಇದ್ದೀರೇನು, ಆಕೀಗೇ ಕೇಳ್ರಿ, ಯಾವ ಕಣ್ಣಂತ. ಕೇಳಿದೆ ಅಕ್ಕಾ, ಎರಡೂ ಮಬ್ಬೇ ಅದಾವಪ್ಪಾ, ಆ ಫಾರ್ಮಿನ ಬಾಯಿ ಬರಕೊಂಡಾಳಲ್ಲ, ಅದೇ ಖರೇ, ಅಂತಾಳ, ಮ್ಯಾಲ ನನಗೇ ಅಂತಾಳ, ನಿನ್ನ ಮಾರಿ ನೋಡಾಕ ಒಂದ್ ಕಣ್ಣು ಸಾಕು. ಆಮ್ರಪಾಲಿಗೆ ನಗು ಬರಲಿಲ್ಲ. ಡಾಕ್ಟರು ಮತ್ತೆ ನೋಡುತ್ತಾರೆ, ನೋಡೇ ನೋಡುತ್ತಾರೆ, ಅವರ ಕೈಯಲ್ಲೂ ಇದೇ ಪಟ್ಟಿ ಇದ್ದರೆ? ನಿಲ್ಲಸ್ರಿ, ಅಂದಳು, ನಾ ಫಾರ್ಮು ನೋಡಿ ಹೇಳೋತನಕ ಯಾರೂ ಕೈ ಹಚ್ಚಬ್ಯಾಡ್ರಿ, ತಪ್ಪು ನಂದು ಅಂತ ಹೇಳ್ರಿ. ಹೇಳತೀನಿ, ಫೋನ್ ಇಡಬ್ಯಾಡ್ರಿ, ಅಂದು ಅವನು ಡಾಕ್ಟರ ಬಳಿಗೆ ಓಡಿದ, ಮೆಟ್ಟಿಲು ಹತ್ತುವ ಸದ್ದು ಮಾತ್ರ ಕೇಳುತ್ತಿದೆ.

ಫಾರ್ಮು ಬರೆದವಳು ತಾನೇ, ನೆನಪಾಗಬೇಕು, ಗಿರಿಜಾಬಾಯಿ ಮೇಜಿನ ಆಚೆ ಕುಳಿತಿದ್ದಳು, ಶಿಬಿರದ ಡಾಕ್ಟರು ಬಗ್ಗಿ ಟಾರ್ಚು ಹಿಡಿದರು, ಒಂದು ಕಣ್ಣು ಹಾಲಿನಂತೆ ಬೆಳ್ಳಗಾಯಿತು, ಅದು ಆಮ್ರಪಾಲಿಯ ಬಲಗೈ ಕಡೆಗಿತ್ತು, ಅಂದರೆ ಆಕೆಯ ಎಡ, ಅಥವಾ ಎಡಗೈ ಕಡೆಗಿತ್ತೇ, ಮತ್ತೆ ಟಾರ್ಚು, ಮತ್ತೆ ಆ ಬಿಳುಪು, ಮುಖ ಬರುತ್ತಿಲ್ಲ, ಪಕ್ಕ ಬರುತ್ತಿಲ್ಲ — ವಿವರಣೆಯ ಆ ಸಾಲನ್ನು ಯಾರು ತೆಗೆದರೋ, ಅದು ಇತ್ತೋ ಇಲ್ಲವೋ, ಅವಳಿಗೆ ಗೊತ್ತಿಲ್ಲ, ಅಲ್ತಾಫ್ ಮೇಲೆ ಮುಟ್ಟಿದನೋ ಅದೂ ಗೊತ್ತಿಲ್ಲ, ಟಾರ್ಚು, ಬಿಳುಪು, ರೆಪ್ಪೆ ಬಡಿಯದ ಒಂದು ಕಣ್ಣು.