ಮೀನಿನ ಬಾವಿಗೆ ಸಿಹಿನೀರು

ನನ್ನ ಗಂಡ ಕ್ಲಾರಿ ಕಾಲು ಮುರಿದುಕೊಂಡ ವರ್ಷ, ಟ್ಯಾಸ್ಮೇನಿಯಾದ ಡೋವರ್ ಊರಿನಲ್ಲಿ ನಮ್ಮ ದೋಣಿಗೆ ಎರಡನೆಯ ಆಳು ಸಿಗಲಿಲ್ಲ. ಶೆಡ್ಡಿನಲ್ಲಿ ಪೆಟ್ಟಿಗೆಗೆ ಸೇಬು ತುಂಬುವ ಕೆಲಸ ನನಗೂ ಸಾಕಾಗಿತ್ತು. "ನಾನು ಬರ್ತೀನಿ ಮಾವ" ಅಂದೆ.

ಅಬ್ನರ್ ಮಾವ ಗಡ್ಡ ಕೆರೆದುಕೊಂಡರು. "ಒಂದೇ ಸಲ, ಮರ್ಟಲ್. ಮೀನು ಜೀವಂತ ಹೋಬಾರ್ಟ್ ಪೇಟೆ ಮುಟ್ಟಿದ್ರೆ ದೋಣೀಲಿ ನಿನಗೆ ಜಾಗ. ಇಲ್ಲಾಂದ್ರೆ ವಾಪಸ್ ಸೇಬಿನ ಶೆಡ್ಡಿಗೆ."

ಎರಡು ದಿನ ಆಳಕ್ಕೆ ಗಾಳ ಬಿಟ್ಟು ಅರವತ್ತು ಟ್ರಂಪೆಟರ್ ಹಿಡಿದೆವು. ಎತ್ತಿದರೆ ಗೊರಗೊರ ಅನ್ನುವ ಪಟ್ಟೆಮೀನು. ಮೇಲೆ ಬರುವಾಗ ಅದರ ಹೊಟ್ಟೆ ಉಬ್ಬುತ್ತದೆ. ಸೂಜಿ ಚುಚ್ಚಿ ಗಾಳಿ ಬಿಟ್ಟು ದೋಣಿಯ ನಡುವಿನ ಬಾವಿಗೆ, ಅಂದರೆ ಮೀನು ಜೀವಂತ ಇಡುವ ತೊಟ್ಟಿಗೆ, ಇಳಿಸಬೇಕು. ಬಾವಿಯ ತಳದಲ್ಲಿ ತೂತುಗಳಿವೆ, ಸಮುದ್ರ ಅವುಗಳಲ್ಲೇ ಬಂದು ಹೋಗುತ್ತಿರುತ್ತದೆ.

ಹೋಬಾರ್ಟಿನ ನದಿಯೊಳಗೆ ಬಂದ ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ನೀರಿಗೆ ಬೆರಳದ್ದಿ ನೆಕ್ಕಿದೆ. ಉಪ್ಪು ಸಪ್ಪಗಾಗಿತ್ತು. ಬೆಟ್ಟದ ಹಿಮ ಕರಗಿ ಹೊಳೆ ತುಂಬಿತ್ತು.

"ಮಾವ, ಸಿಹಿನೀರು ನುಗ್ತಿದೆ, ಕಡಲಮೀನು ತಾಳಲ್ಲ. ತೂತು ಮುಚ್ಚೋಣ."

"ಮುಚ್ಚಿದ್ರೆ ಉಸಿರು ಕಟ್ಟಿ ಸಾಯ್ತವೆ ಕಣಮ್ಮ."

"ಉಸಿರು ನಾನು ಕೊಡ್ತೀನಿ."

ತೋಳು ಮರಗಟ್ಟುವವರೆಗೆ ಬಾವಿಯಲ್ಲಿ ತಡಕಿ ಮರದ ಬಿರಡೆ ಜಡಿದೆ. ಕೊನೆಯ ಮೂರು ತೂತಿಗೆ ಬಿರಡೆ ಸಾಲಲಿಲ್ಲ. ಒಂದಕ್ಕೆ ನನ್ನ ತಲೆವಸ್ತ್ರ ತುರುಕಿ ಮಾವನ ಕಾಲು ನೋಡಿದೆ. "ಬೇಡ, ಬೇಡ" ಅನ್ನುತ್ತಲೇ ಎರಡೂ ಕಾಲುಚೀಲ ಬಿಚ್ಚಿ ಕೊಟ್ಟರು. ಆಮೇಲೆ ಬಾವಿಯ ನೀರನ್ನೇ ಬಕೆಟಿನಲ್ಲಿ ಮೊಗೆದು, ತಲೆಮಟ್ಟದಿಂದ ಧಾರೆಯಾಗಿ ಬಾವಿಗೇ ಸುರಿದೆ. ಗಾಳಿ ಬೆರೆಯಲಿ ಎಂದು. ಒಂದೇ ಸಮನೆ, ಎರಡು ಗಂಟೆ.

ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದ ಇನ್ನೊಬ್ಬ ಮೀನುಗಾರ ಜೆತ್ರೋ ತನ್ನ ದೋಣಿಯಿಂದ ಕೂಗಿದ. "ಏನಣ್ಣ ಅಬ್ನರ್, ಸೊಸೆ ಮೀನಿಗೆ ಸ್ನಾನ ಮಾಡಿಸ್ತಿದ್ದಾಳಾ? ಸೋಪು ಕೊಡ್ಲಾ?"

"ನಿನ್ನ ಮೋರೆಗೆ ಇಟ್ಕೊಳೋ!" ಅಂದರು ಮಾವ, ಬರಿಗಾಲಲ್ಲಿ ನಡುಗುತ್ತ.

ಬಂದರಿನಲ್ಲಿ ಜೆತ್ರೋನ ಬಾವಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಮ್ಮವು ಮೂರು ಸತ್ತಿದ್ದವು, ಅಷ್ಟೇ. ಉಳಿದ ಐವತ್ತೇಳೂ ಬಾಲ ಬಡಿದು ಕೊಳ್ಳಲು ಬಂದವರ ಕೋಟನ್ನೆಲ್ಲ ಒದ್ದೆ ಮಾಡಿದವು.

ಮಾವ ಸತ್ತ ಮೂರನ್ನು ಎತ್ತಿ ಬದಿಗಿಟ್ಟರು. "ಸರಿ, ಜಾಗ ನಿನ್ನದು. ಆದ್ರೆ ದೋಣೀಲಿ ಚಹಾ ಮಾಡೋರ್ಯಾರು?"

"ನೀವೇ, ಮಾವ. ನನ್ನ ಕೈ ಎತ್ತೋಕಾಗ್ತಿಲ್ಲ."

ಮಾಡಿದರು. ಕೆಟ್ಟ ಚಹಾ. ಹನ್ನೊಂದು ವರ್ಷ ಅದನ್ನೇ ಕುಡಿದೆ.